ಹೆಸ್ರು ನಮ್ದು, ಬ್ಯಾಟಿಂಗ್ ನಿಮ್ದು

ಹೋದ ಸಲ ಊರಿಗೆ ಹೋದಾಗ ಕೊಟ್ಟೂರು ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಫ್ಲೆಕ್ಸ್ ಕಟ್ಟಿದ್ದರು. ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟು. ಕೆಳಗೆ ತಂಡಗಳ ಪಟ್ಟಿ. ಟೈಗರ್ಸ್, ಲಯನ್ಸ್, ವಾರಿಯರ್ಸ್, ಇನ್ನೊಂದು ಟೈಗರ್ಸ್... ಬಸ್ಸು ಬರೋದು ತಡ ಇತ್ತು, ಹಾಗಾಗಿ ಪೂರ್ತಿ ಓದಿದೆ. ನಮ್ಮ ಬಯಲುಸೀಮೆಯಲ್ಲಿ ಸಿಂಹ ಯಾವ ಕಾಲದಲ್ಲಿತ್ತೋ ದೇವರಿಗೇ ಗೊತ್ತು. ಕೆಪಿಎಲ್ ನಡೆಯುತ್ತಿದ್ದಾಗ ಬಳ್ಳಾರಿಯ ತಂಡಕ್ಕೂ ಟಸ್ಕರ್ಸ್ ಅಂತ ಆನೆಯ ಹೆಸರಿಟ್ಟಿದ್ದರು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವೇ ಇದೆ, ಪಾಪ ಕರಡಿಯನ್ನು ಯಾರೂ ಕೇಳಲಿಲ್ಲ.

ಆದರೆ ನನಗೆ ನೆನಪಾಗಿದ್ದು ಬೇರೆ ಒಂದು ತಂಡದ ಹೆಸರು. ಆ ಹೆಸರಿಟ್ಟವರಲ್ಲಿ ನಾನೂ ಒಬ್ಬ. ಅದನ್ನು ಹೇಳೋದಕ್ಕೆ ಮುಂಚೆ ಸ್ವಲ್ಪ ಇತಿಹಾಸ ಹೇಳಬೇಕು. ಸುತ್ತಿ ಬಳಸಿ ಬರ್ತೀನಿ, ಬೇಜಾರು ಮಾಡ್ಕೋಬೇಡಿ.

ಅಮೆರಿಕದ ಕಾಲೇಜುಗಳಲ್ಲಿ ಆಟ ಅಂದರೆ ನಮ್ಮ ಹಾಗಲ್ಲ. ನಮ್ಮಲ್ಲಿ ಅಂತರ ಕಾಲೇಜು ಪಂದ್ಯಕ್ಕೆ ಹೋದರೆ ಕಾಲೇಜಿನ ಹೆಸರೇ ತಂಡದ ಹೆಸರು. ಅಲ್ಲಿ ಪ್ರತಿ ಕಾಲೇಜಿನ ತಂಡಕ್ಕೂ ಒಂದು ಅಡ್ಡಹೆಸರು, ಒಂದು ಲಾಂಛನ. ಆ ವೇಷ ಹಾಕಿಕೊಂಡು ಮೈದಾನದಲ್ಲಿ ಕುಣಿಯೋದಕ್ಕೆ ಒಬ್ಬ ವಿದ್ಯಾರ್ಥಿ. ಹುಲಿ, ಹದ್ದುಗಳ ಜೊತೆಗೆ ಅನೇಕ ಕಾಲೇಜುಗಳು ಇಟ್ಟುಕೊಂಡಿದ್ದು ಅಲ್ಲಿನ ಮೂಲನಿವಾಸಿಗಳ ಹೆಸರು. ಇಂಡಿಯನ್ಸ್, ರೆಡ್‌ಮೆನ್, ರೆಡ್‌ಸ್ಕಿನ್ಸ್, ಸೂ, ಸೆಮಿನೋಲ್ಸ್, ಹೀಗೆ.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1926ರಿಂದ ಚೀಫ್ ಇಲಿನಿವೆಕ್ ಅಂತ ಒಬ್ಬ ನಾಯಕನ ವೇಷ ಇತ್ತು. ತಲೆಗೆ ಗರಿ ಕಟ್ಟಿಕೊಂಡು ಪಂದ್ಯದ ಅರ್ಧ ವಿರಾಮದಲ್ಲಿ ಕುಣಿಯೋದು. ಕುಣಿಯುವವರು ಹೆಚ್ಚಾಗಿ ಬಿಳಿಯ ಹುಡುಗರೇ. ಇದು ಅವರಿಗೆ ನಾವು ಕೊಡುವ ಗೌರವ ಅಂತ ವಿಶ್ವವಿದ್ಯಾಲಯದವರು ಹೇಳುತ್ತಿದ್ದರು. ಗೌರವ ಸ್ವೀಕರಿಸಬೇಕಾದವರು ಮಾತ್ರ ಬೇಡಪ್ಪಾ ಅನ್ನುತ್ತಿದ್ದರು. ಎಷ್ಟೋ ವರ್ಷಗಳ ಜಗಳದ ನಂತರ 2007ರ ಫೆಬ್ರವರಿಯಲ್ಲಿ ಕೊನೆಯ ಕುಣಿತ ನಡೆಯಿತು. ಸ್ಟಾನ್‌ಫರ್ಡ್‌ನವರು 1972ರಲ್ಲೇ ತಮ್ಮಲ್ಲಿ ಓದುತ್ತಿದ್ದ ಮೂಲನಿವಾಸಿ ವಿದ್ಯಾರ್ಥಿಗಳ ಮನವಿ ಓದಿ 'ಇಂಡಿಯನ್ಸ್' ಹೆಸರು ಬಿಟ್ಟರು. 2005ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಮಂಡಳಿ, ಇಂಥ ಹೆಸರು ಲಾಂಛನಗಳನ್ನು ತನ್ನ ಚಾಂಪಿಯನ್‌ಶಿಪ್ ಪಂದ್ಯಗಳಿಗೆ ತರಬೇಡಿ ಅಂತ ನಿಯಮ ಮಾಡಿತು.

ಆಗ ನಡೆದ ಎರಡು ಸಂಗತಿಗಳು ನನಗೆ ಮುಖ್ಯ ಅನ್ನಿಸುತ್ತವೆ.

ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಸೆಮಿನೋಲ್ಸ್. ಪಂದ್ಯದ ಮೊದಲು ಓಸಿಯೋಲಾನ ವೇಷದ ಹುಡುಗ ಕುದುರೆ ಮೇಲೆ ಬಂದು ಉರಿಯುವ ಈಟಿಯನ್ನು ಮೈದಾನದ ನಡುವೆ ನೆಡುತ್ತಾನೆ. ಓಸಿಯೋಲಾ ನಿಜವಾದ ಮನುಷ್ಯ, ಸೆಮಿನೋಲರ ದಂಡನಾಯಕ. 1837ರಲ್ಲಿ ಸಂಧಿಯ ಬಿಳಿ ಬಾವುಟ ತೋರಿಸಿ ಅವನನ್ನು ಸೆರೆ ಹಿಡಿದರು. ಮರುವರ್ಷ ಸೆರೆಯಲ್ಲೇ ಸತ್ತ. ಇಷ್ಟಿದ್ದರೂ ಫ್ಲಾರಿಡಾದ ಸೆಮಿನೋಲ್ ಬುಡಕಟ್ಟಿನ ಮಂಡಳಿ 'ನಮ್ಮ ಹೆಸರು ಬಳಸಿ, ನಮ್ಮ ಒಪ್ಪಿಗೆ ಇದೆ' ಅಂದಿತು. ಕ್ರೀಡಾ ಮಂಡಳಿ ಸುಮ್ಮನಾಯಿತು. ಹೆಸರು ಉಳಿಯಿತು.

ನಾರ್ತ್ ಡಕೋಟಾ ವಿಶ್ವವಿದ್ಯಾಲಯದ್ದು 'ಫೈಟಿಂಗ್ ಸೂ'. ಅವರಿಗೂ 2007ರಲ್ಲಿ ಇದೇ ದಾರಿ ತೋರಿಸಿದರು. ಸೂ ಜನರ ಎರಡು ಬುಡಕಟ್ಟುಗಳು ಒಪ್ಪಬೇಕು, ಅಷ್ಟೇ. ಒಂದು ಬುಡಕಟ್ಟು 2009ರಲ್ಲಿ ಮತ ಹಾಕಿ ಒಪ್ಪಿತು. ಇನ್ನೊಂದು ಒಪ್ಪಿಗೆ ಕೊಡಲಿಲ್ಲ. 2012ರಲ್ಲಿ ಹೆಸರು ಹೋಯಿತು.

ಅಂದರೆ ಹೆಸರು ಒಳ್ಳೆಯದೋ ಕೆಟ್ಟದ್ದೋ ಅನ್ನೋದಲ್ಲ, ಆ ಹೆಸರಿನವರನ್ನು ಕೇಳಿದಿರಾ ಅನ್ನೋದು ಅಲ್ಲಿ ಪ್ರಶ್ನೆಯಾಯಿತು. ಅದು ಪ್ರಶ್ನೆಯಾಗೋದಕ್ಕೆ ಮಾತ್ರ ಸುಮಾರು ಒಂದು ಶತಮಾನ ಹಿಡಿಯಿತು!

*

ಇದೆಲ್ಲ ಓದುವಾಗ ನಮ್ಮ ದೇಶದಲ್ಲಿ ಇಂಥದ್ದಿಲ್ಲ ಬಿಡು ಅಂತ ನನಗೂ ಅನ್ನಿಸಿತ್ತು. ಆಮೇಲೆ ಹೊಳೆಯಿತು, ನಮ್ಮಲ್ಲಿ ಲಾಂಛನದ ಗೊಡವೆಯೇ ಬೇಕಿರಲಿಲ್ಲ. ಜಾತಿ ಧರ್ಮವೇ ನೇರವಾಗಿ ತಂಡದ ಹೆಸರಾಗಿತ್ತು.

ಬೊಂಬಾಯಿಯಲ್ಲಿ ಮೊದಲು ಯುರೋಪಿಯನ್ನರಿಗೂ ಪಾರ್ಸಿಗಳಿಗೂ ಪಂದ್ಯ. 1907ರಲ್ಲಿ ಹಿಂದೂಗಳ ತಂಡ ಸೇರಿ ಮೂರಾಯಿತು, 1912ರಲ್ಲಿ ಮುಸ್ಲಿಮರ ತಂಡ ಸೇರಿ ನಾಲ್ಕಾಯಿತು. ಕ್ರೈಸ್ತರು, ಯಹೂದಿಗಳು, ಆಂಗ್ಲೋ ಇಂಡಿಯನ್ನರು ಎಲ್ಲಿಗೆ ಹೋಗಬೇಕು? ಅವರಿಗಾಗಿ 1937ರಲ್ಲಿ ಐದನೇ ತಂಡ ಬಂತು. ಅದರ ಹೆಸರೇನು ಗೊತ್ತೇ? 'ದಿ ರೆಸ್ಟ್'. ಅಂದರೆ ಉಳಿದವರು! ನಮ್ಮ ಅರ್ಜಿ ಫಾರಂಗಳಲ್ಲಿ ಕೊನೆಗೆ 'ಇತರೆ' ಅಂತ ಒಂದು ಕಾಲಂ ಇರುತ್ತದಲ್ಲ, ಹಾಗೆ. ಆ 'ಉಳಿದವರ' ತಂಡದಲ್ಲಿ ಆಡಿದ ವಿಜಯ್ ಹಜಾರೆ 1943ರ ಫೈನಲ್ಲಿನಲ್ಲಿ ಹಿಂದೂ ತಂಡದ ವಿರುದ್ಧ ಒಬ್ಬರೇ 309 ರನ್ ಹೊಡೆದರು. ತಂಡದ ಒಟ್ಟು ಮೊತ್ತ 387. ಉಳಿದವರಲ್ಲಿ ಒಬ್ಬ ಎಷ್ಟು ಉಳಿಸಬಲ್ಲ ಅಂತ ತೋರಿಸಿದ ಹಾಗಿತ್ತು.

ಅದು ಬೊಂಬಾಯಿ ಕತೆ, ನಮಗೇನು ಸಂಬಂಧ ಅಂತೀರಾ? ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರೋವರೆಗೂ ಮದ್ರಾಸಿನ ಆಡಳಿತದಲ್ಲೇ ಇದ್ದವು. ಆ ಮದ್ರಾಸಿನಲ್ಲಿ ಪ್ರತಿ ಸಂಕ್ರಾಂತಿ ಹೊತ್ತಿಗೆ ಚೆಪಾಕ್ ಮೈದಾನದಲ್ಲಿ ಪ್ರೆಸಿಡೆನ್ಸಿ ಪಂದ್ಯ ನಡೆಯುತ್ತಿತ್ತು. ಅದರಲ್ಲಿ ಒಂದು ತಂಡ ಯುರೋಪಿಯನ್ನರು, ಇನ್ನೊಂದು ಇಂಡಿಯನ್ನರು. ಸ್ವಾತಂತ್ರ್ಯ ಬಂದ ಮೇಲೂ 1952ರವರೆಗೆ ಅದು ನಡೆಯಿತು. ಅಲ್ಲಿಯೂ ಹುಟ್ಟೇ ತಂಡದ ಹೆಸರು.

ಬೊಂಬಾಯಿಯ ಹಿಂದೂ ತಂಡದಲ್ಲಿ ಒಬ್ಬ ಎಡಗೈ ಸ್ಪಿನ್ನರ್ ಇದ್ದರು. ಪಲ್ವಣಕರ್ ಬಾಳೂ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಬೆಳೆದದ್ದು ಪುಣೆಯಲ್ಲಿ. ಇಂಗ್ಲಿಷರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್ ಉರುಳಿಸೋದು, ನೆಟ್ ಕಟ್ಟೋದು, ಆಮೇಲೆ ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡೋದು. ಅಷ್ಟು ವರ್ಷ ಬೌಲ್ ಮಾಡಿದರೂ ಆ ನೆಟ್ಟಿನಲ್ಲಿ ಒಂದು ದಿನವೂ ಅವರ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರದ್ದು, ಬೌಲಿಂಗ್ ಆಳಿನದ್ದು ಅನ್ನೋದು ಆಗಿನ ಲೆಕ್ಕ.

ಪುಣೆಯ ಹಿಂದೂಗಳಿಗೆ ಗೆಲ್ಲಬೇಕಿತ್ತು. ಹಾಗಾಗಿ ಬಾಳೂ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಆದರೆ ಚಹಾ ಹೊತ್ತಿಗೆ ಅವರಿಗೆ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನಿನಿಂದ ಸೋಲಿಸಿದಾಗ ಬಾಳೂ 8 ವಿಕೆಟ್ ಕಿತ್ತಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಅವರದ್ದು 114 ವಿಕೆಟ್. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. 1920ರಲ್ಲಿ ಇದೇ ವಿಷಯಕ್ಕೆ ಅವರ ತಮ್ಮಂದಿರು ವಿಠಲ್ ಮತ್ತು ಶಿವರಾಮ್ ತಂಡ ಬಿಟ್ಟು ಹೊರಬಂದು ಪ್ರತಿಭಟಿಸಿದರು. ಕೊನೆಗೆ 1923ರಲ್ಲಿ ವಿಠಲ್ ನಾಯಕರಾದರು. ಆ ವರ್ಷ ಹಿಂದೂ ತಂಡವೇ ಗೆದ್ದಿತು.

ತಂಡದ ಹೆಸರು 'ಹಿಂದೂ'. ಅದನ್ನು ಗೆಲ್ಲಿಸುವಾಗ ಬಾಳೂ ಹಿಂದೂ, ಚಹಾ ಕುಡಿಯುವಾಗ ಅಲ್ಲ. ಅಮೆರಿಕದಲ್ಲಿ ಹೆಸರು ಇತ್ತು, ಆ ಹೆಸರಿನ ಜನ ತಂಡದಲ್ಲಿರಲಿಲ್ಲ. ಇಲ್ಲಿ ಜನ ತಂಡದಲ್ಲಿದ್ದರು, ಹೆಸರಿನಲ್ಲಿ ಅವರಿಗೆ ಪೂರ್ತಿ ಪಾಲು ಇರಲಿಲ್ಲ.

1940ರ ಡಿಸೆಂಬರ್‌ನಲ್ಲಿ ಬೊಂಬಾಯಿಯ ಹಿಂದೂ ಜಿಮ್‌ಖಾನಾದವರು ವಾರ್ಧಾಕ್ಕೆ ಹೋಗಿ ಗಾಂಧೀಜಿಯ ಅಭಿಪ್ರಾಯ ಕೇಳಿದರು. ಕಾಲೇಜು ಕಾಲೇಜುಗಳ ನಡುವೆ, ಸಂಸ್ಥೆ ಸಂಸ್ಥೆಗಳ ನಡುವೆ ಪಂದ್ಯ ಆದರೆ ನನಗೆ ಅರ್ಥವಾಗುತ್ತದೆ, ಹಿಂದೂ ತಂಡ ಪಾರ್ಸಿ ತಂಡ ಮುಸ್ಲಿಂ ತಂಡ ಯಾಕೆ ಅಂತ ಅರ್ಥವಾಗೋದಿಲ್ಲ ಅನ್ನೋ ಅರ್ಥದಲ್ಲಿ ಅವರು ಹೇಳಿದರು. ಆಮೇಲೂ ಕೆಲವು ವರ್ಷ ಎಳೆದಾಡಿ 1946ರಲ್ಲಿ ಆ ಟೂರ್ನಮೆಂಟು ನಿಂತಿತು. ಅಷ್ಟರಲ್ಲಿ 1934ರಿಂದ ರಣಜಿ ಟ್ರೋಫಿ ಶುರುವಾಗಿತ್ತು. ಅಲ್ಲಿ ತಂಡಕ್ಕೆ ಸೀಮೆಯ ಹೆಸರು. ಮೊದಲ ಪಂದ್ಯವೇ ಮದ್ರಾಸಿಗೂ ಮೈಸೂರಿಗೂ. ನಮ್ಮ ಇಂದಿನ ಕರ್ನಾಟಕ ತಂಡದ ಬೇರು ಅಲ್ಲಿದೆ.

*

ಈಗ ನಮ್ಮ ಕಡೆಗೆ ಬರ್ತೀನಿ.

ಕೂಡ್ಲಿಗಿ ಸೀಮೆ ಅಂದರೆ ಬೇಡರ ಸೀಮೆ, ನಾಯಕರ ಸೀಮೆ. ಜರಿಮಲೆ, ಗುಡೇಕೋಟೆ, ಹರಪನಹಳ್ಳಿ ಮೂರೂ ಕಡೆ ಪಾಳೆಯಗಾರರಿದ್ದರು. ಪಕ್ಕದ ಚಿತ್ರದುರ್ಗದ್ದು ಎಲ್ಲರಿಗೂ ಗೊತ್ತು. 1779ರಲ್ಲಿ ಹೈದರಾಲಿ ದುರ್ಗ ಹಿಡಿದು ಮದಕರಿ ನಾಯಕನನ್ನು ಸೆರೆ ಒಯ್ದ. ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಸೇರಿಸಿ 'ಚೇಲಾ' ಅಂತ ಪಡೆ ಕಟ್ಟಿದ. ಮದಕರಿಯ ಕತೆ ಓದುವಾಗ ನನಗೆ ಓಸಿಯೋಲಾ ನೆನಪಾಗುತ್ತಾನೆ. ಸೋಲಿಸಿದ ಮೇಲೆ ಅವರ ಶೌರ್ಯದ ಮೇಲೆ ಎಲ್ಲರಿಗೂ ಪ್ರೀತಿ ಬರುತ್ತದೆ.

1800ರಲ್ಲಿ ನಿಜಾಮನಿಂದ ಬಳ್ಳಾರಿ ಸೀಮೆ ಕಂಪನಿಯ ಕೈಗೆ ಬಂತು, ಪಾಳೆಯಗಾರರ ಕಾಲ ಮುಗಿಯಿತು. 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದಾಗ ಅದರಲ್ಲಿ ಬೇಡ ಅಥವಾ ಬೋಯ ಅಂತ ಒಂದು ನಮೂದು ಸೇರಿತು. ಊರ ಬೇಡರು, ಮ್ಯಾಸ ಬೇಡರು ಅನ್ನೋ ವಿಂಗಡಣೆಯೂ ಅದರಲ್ಲಿದೆ. ಮ್ಯಾಸಬೇಡರ ಹಟ್ಟಿಗಳು, ಅವರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಕೋಳಿ ಮುಟ್ಟದ ಅವರ ಕಟ್ಟುಪಾಡು ಇವೆಲ್ಲ ನಮ್ಮ ಕಡೆಯವರಿಗೆ ಪುಸ್ತಕ ನೋಡಿ ತಿಳಿಯಬೇಕಾದ ಸಂಗತಿಗಳಲ್ಲ.

ಒಂದೇ ಜನಕ್ಕೆ ಎಷ್ಟು ಹೆಸರು ನೋಡಿ! ಬೇಡ, ಬೇಡರ, ನಾಯಕ, ವಾಲ್ಮೀಕಿ, ಗಡಿ ದಾಟಿದರೆ ಬೋಯ. ಇವೆಲ್ಲ ಒಂದೇ ಅಂತ ಸರ್ಕಾರದ ಪಟ್ಟಿಯಲ್ಲಿ ಸೇರಿಸೋದಕ್ಕೆ ಹೋರಾಟ ಮಾಡಬೇಕಾಯಿತು. 1991ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಬೇಡ, ಬೇಡರ, ವಾಲ್ಮೀಕಿ ಅನ್ನೋ ಹೆಸರುಗಳು ಸೇರಿದವು. ಹೆಸರು ಅನ್ನೋದು ಬರೀ ಕೂಗೋದಕ್ಕಲ್ಲ. ಹಾಸ್ಟೆಲ್ ಸೀಟು, ವಿದ್ಯಾರ್ಥಿ ವೇತನ, ನೌಕರಿ ಎಲ್ಲ ಅದರ ಮೇಲೆ ನಿಂತಿರುತ್ತದೆ.

ಇನ್ನು ಆಟದ ಹೆಸರು. ನಮ್ಮ ದೇಶದ ಕ್ರೀಡಾ ಪ್ರಶಸ್ತಿಗಳನ್ನು ಒಂದು ಸಾಲಿನಲ್ಲಿ ಇಟ್ಟು ನೋಡಿ. ಒಳ್ಳೆಯ ಆಟಗಾರನಿಗೆ ಅರ್ಜುನ ಪ್ರಶಸ್ತಿ, 1961ರಿಂದ. ಒಳ್ಳೆಯ ತರಬೇತುದಾರನಿಗೆ ದ್ರೋಣಾಚಾರ್ಯ ಪ್ರಶಸ್ತಿ, 1985ರಿಂದ. ಎರಡೂ ದಿಲ್ಲಿಯವು. ನಮ್ಮ ರಾಜ್ಯ ಸರ್ಕಾರ ಆಟಗಾರರಿಗೆ ಕೊಡೋದು ಏಕಲವ್ಯ ಪ್ರಶಸ್ತಿ. ಕತೆಯಲ್ಲಿ ಮೂವರೂ ಒಟ್ಟಿಗೆ ಇದ್ದಾರೆ. ಕಲಿಸಲ್ಲ ಅಂದ ಗುರು, ಅವನ ಮೆಚ್ಚಿನ ಶಿಷ್ಯ, ಹೆಬ್ಬೆರಳು ಕೊಟ್ಟ ಬೇಡರ ಹುಡುಗ. ಹೆಬ್ಬೆರಳು ಕೇಳಿದವನ ಹೆಸರಿನಲ್ಲಿ ತರಬೇತಿಗೆ ಪ್ರಶಸ್ತಿ ಕೊಡುತ್ತೇವೆ ಅನ್ನೋದು ನಮಗೆ ವಿಚಿತ್ರ ಅನ್ನಿಸೋದೇ ಇಲ್ಲ. ಬೆರಳಿಗೆ ಬೆಲೆ ಏನು ಅಂತ ಕುವೆಂಪು 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಕೇಳಿದ್ದಾರೆ. ಆದರೆ ಪ್ರಶಸ್ತಿ ಸಮಾರಂಭದಲ್ಲಿ ಅದೆಲ್ಲ ಯಾರಿಗೆ ಬೇಕು?

ಏಕಲವ್ಯನ ಹೆಸರು ತೆಗೆಯಿರಿ ಅಂತ ನಾನು ಹೇಳ್ತಾ ಇಲ್ಲ. ಆ ಹೆಸರು ಇರೋದು ಒಳ್ಳೆಯದೇ. ಹೆಸರು ಕೊಟ್ಟ ಮೇಲೆ ಬಾಕಿ ತೀರಿತು ಅಂದುಕೊಳ್ಳೋದು ಮಾತ್ರ ನನಗೆ ಸರಿ ಕಾಣಲ್ಲ.

ತಮ್ಮ ಹೆಸರು ತಾವೇ ಇಟ್ಟುಕೊಂಡವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಎಂಬಲ್ಲಿ ಕೊಡವ ಮನೆತನಗಳ ಹಾಕಿ ಹಬ್ಬ ಶುರು ಮಾಡಿದರು. ಒಂದೊಂದು ಒಕ್ಕದ ಹೆಸರೇ ಒಂದೊಂದು ತಂಡ. ಮೊದಲ ವರ್ಷ 60 ತಂಡ ಇದ್ದದ್ದು 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿನ ಹೊತ್ತಿಗೆ 360 ಆಯಿತು, ಗಿನ್ನೆಸ್ ದಾಖಲೆಗೂ ಹೋಯಿತು. ಒಂದೇ ಸಮುದಾಯದ ಒಳಗಿನ ಹಬ್ಬ ಅದು, ಬೊಂಬಾಯಿಯ ಹಾಗೆ ಜನ ಜನರನ್ನು ಎದುರುಬದುರು ನಿಲ್ಲಿಸಿದ್ದಲ್ಲ. ಅಲ್ಲಿ ಹೆಸರೂ ಅವರದೇ, ಸ್ಟಿಕ್ಕೂ ಅವರದೇ.

*

ಇನ್ನು ನಮ್ಮ ತಂಡದ ಕತೆ.

ತೊಂಬತ್ತರ ದಶಕದ ಒಂದು ಬೇಸಿಗೆ. ನಾವು ಹೈಸ್ಕೂಲು. ಹಗರಿಬೊಮ್ಮನಹಳ್ಳಿ ಸೀಮೆಯ ನಮ್ಮೂರಲ್ಲಿ ತಂಡ ಅಂದರೆ ಓಣಿ. ಮೇಲಿನ ಓಣಿ ತಂಡ, ಕೆಳಗಿನ ಓಣಿ ತಂಡ, ಕೇರಿ ತಂಡ. ಯಾರೂ ಜಾತಿ ಹೆಸರು ಹೇಳುತ್ತಿರಲಿಲ್ಲ. ಓಣಿ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೇ ಅಂತ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಊರಿನ ಜಾತ್ರೆಗೆ ಟೂರ್ನಮೆಂಟು ಬಂತು. ಕೆರೆಯಂಗಳದಲ್ಲಿ ಆಟ, 51 ರೂಪಾಯಿ ಎಂಟ್ರಿ. ನಮ್ಮ ಓಣಿಯಲ್ಲಿ ಜೋರಾಗಿ ಚೆಂಡು ಹಾಕೋರು ಯಾರೂ ಇರಲಿಲ್ಲ. ನಮ್ಮ ಕ್ಲಾಸಿನಲ್ಲಿ ಹಟ್ಟಿಯಿಂದ ಬರುವ ಒಬ್ಬ ಹುಡುಗ ಇದ್ದ. ಅವನ ಚೆಂಡು ಬಂದದ್ದೇ ಕಾಣುತ್ತಿರಲಿಲ್ಲ. ಅವನನ್ನು ಕರೆದೆವು. ಖುಷಿಯಿಂದ ಬಂದ.

ತಂಡಕ್ಕೆ ಹೆಸರು ಬೇಕಿತ್ತು. ಕನ್ನಡ ಮೇಷ್ಟ್ರು ಆಗಷ್ಟೇ ಏಕಲವ್ಯನ ಪಾಠ ಮಾಡಿದ್ದರು. ನಾನೇ ಹೇಳಿದೆ, ಏಕಲವ್ಯ ಅಂತ ಇಡೋಣ, ಹೆಂಗೂ ಇವನು ಇದಾನಲ್ಲ ಅಂತ. ಅವನಿಗೆ ದೊಡ್ಡ ಗೌರವ ಕೊಟ್ಟೆವು ಅಂತ ನಾವೆಲ್ಲ ಅಂದುಕೊಂಡೆವು. ಅವನನ್ನು ಕೇಳಿದ ನೆನಪು ನನಗಿಲ್ಲ.

ಮೂರು ಪಂದ್ಯ ಗೆದ್ದೆವು. ಮೂರರಲ್ಲೂ ಅವನು ಹನ್ನೊಂದನೇ ಬ್ಯಾಟ್ಸ್‌ಮನ್. ಮೂರರಲ್ಲೂ ಅವನ ಸರದಿ ಬರಲೇ ಇಲ್ಲ. ಫೈನಲ್ ಹಿಂದಿನ ದಿನ ಸಂಜೆ ಬ್ಯಾಟಿಂಗ್ ಪಟ್ಟಿ ಬರೆಯುವಾಗ ಅವನು ಮೇಲೆ ಕಳಿಸ್ರಲೇ ಅಂತ ಒಂದೇ ಸಲ ಕೇಳಿದ. ನೀನು ಬೌಲರ್ ಕಣಲೇ, ಸುಸ್ತಾಗ್ತೀಯ ಅಂದೆವು. ಅವನು ನಕ್ಕು ಹೇಳಿದ, "ಹೋಗ್ಲಿ ಬಿಡ್ರಲೇ. ಹೆಸ್ರು ನಮ್ದು, ಬ್ಯಾಟಿಂಗ್ ನಿಮ್ದು."

ಎಲ್ಲರೂ ನಕ್ಕೆವು. ಮರುದಿನ ಅವನು ನಾಲ್ಕು ವಿಕೆಟ್ ತೆಗೆದ, ಕಪ್ಪು ಗೆದ್ದೆವು. ಆ ಕಪ್ಪು ನಮ್ಮ ಓಣಿಯ ಕಿರಾಣಿ ಅಂಗಡಿಯ ಗೂಡಿನಲ್ಲಿ ಬಹಳ ವರ್ಷ ಇತ್ತು. ಅದು ಹಟ್ಟಿಗೆ ಒಂದು ದಿನವೂ ಹೋಗಲಿಲ್ಲ.

ಪಲ್ವಣಕರ್ ಬಾಳೂ ಅವರ ಬಗ್ಗೆ ಓದಿದ್ದು ಎಷ್ಟೋ ವರ್ಷಗಳ ಮೇಲೆ. ನೆಟ್ಟಿನಲ್ಲಿ ಅವರಿಗೆ ಬ್ಯಾಟು ಕೊಡಲೇ ಇಲ್ಲ ಅನ್ನೋ ಸಾಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಪುಣೆಯ ಸಾಹೇಬರು ಕೆಟ್ಟವರು ಅಂತ ಬರೆಯೋದು ಸುಲಭ. ಇಲಿನಾಯ್‌ನಲ್ಲಿ ಗರಿ ಕಟ್ಟಿಕೊಂಡು ಕುಣಿದ ಹುಡುಗರೂ ತಾವು ಗೌರವ ಕೊಡ್ತಾ ಇದ್ದೀವಿ ಅಂತಲೇ ನಂಬಿದ್ದರು, ನಮ್ಮ ಹಾಗೆಯೇ.

ಕೊಟ್ಟೂರಿನ ಆ ಫ್ಲೆಕ್ಸ್ ನೋಡಿದ ದಿನ ರಾತ್ರಿ ಅವನಿಗೆ ಫೋನ್ ಮಾಡಿದೆ. ಈಗ ಅವನ ಹಟ್ಟಿಯ ಹುಡುಗರದ್ದೇ ಒಂದು ತಂಡ ಇದೆಯಂತೆ. ಏನು ಹೆಸರು ಅಂತ ಕೇಳಿದೆ.

"ಎರ್ಡು ದಿನ ಜಗಳ ಆಡಿದ್ರಪ್ಪ ಹೆಸ್ರಿಗೆ. ಒಬ್ಬ ಮದಕರಿ ಅಂತಾನೆ, ಒಬ್ಬ ಟೈಗರ್ ಅಂತಾನೆ. ಕೊನಿಗೆ ಊರ ಹೆಸ್ರೇ ಇಟ್ಕಂಡ್ರು."

"ಏಕಲವ್ಯ ಅಂತ ಯಾರೂ ಅನ್ನಲಿಲ್ಲೇನೋ?" ಅಂದೆ, ತಮಾಷೆಗೆ.

ಅವನಿಗೆ ಆ ಬೇಸಿಗೆ ಪೂರ್ತಿ ನೆನಪಿತ್ತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದ, "ಅಂದ್ರು. ನಾನೇ ಬ್ಯಾಡ ಅಂದೆ."

ನಾನು ಹೇಳಬೇಕಿದ್ದ ಮಾತನ್ನು ಆಗ ಹೇಳಿದೆ. ಮೂವತ್ತು ವರ್ಷ ತಡ. ಅವನು ಬಿಡಲೇ ಮಾರಾಯ ಅಂದ, ಆಮೇಲೆ ಮಳೆ, ಶೇಂಗಾ ಬೆಳೆ ಅಂತ ಮಾತು ಬೇರೆ ಕಡೆ ಹೋಯಿತು.

ನಿಮ್ಮೂರಲ್ಲಿ ತಂಡಗಳಿಗೆ ಏನು ಹೆಸರಿತ್ತು? ಆ ಹೆಸರು ಇಟ್ಟವರು ಯಾರು? ನೆನಪಿದ್ದರೆ ಬರೀರಿ. ಹನ್ನೊಂದನೆಯವನಾಗಿ ಯಾರನ್ನು ಕಳಿಸುತ್ತಿದ್ದಿರಿ ಅನ್ನೋದನ್ನೂ ಮರೀದೆ ಬರೀರಿ.